ಬಚ್ಚಲಿಗೆ ಬಂದ ಕಾಲಿಲ್ಲದ ಕಪ್ಪೆ

ನಮ್ಮ ಮನೆಯಲ್ಲಿ ಇನ್ನು ಮುಂದೆ ಹಾವನ್ನು ಹಾವೆಂದೇ ಕರೆಯತಕ್ಕದ್ದು! ಸಿಂಧನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಯುಗಾದಿಯ ದಿನ ಹೀಗೊಂದು ರಾಜಾಜ್ಞೆ ಹೊರಡಿಸಿದೆ. ಹಾವಿನ ಹೆಸರೆತ್ತಿದರೆ ಅದು ಬಂದೇಬಿಡುತ್ತದೆಂದು ನಮ್ಮ ಕಡೆ ‘ಹುಳ’ ಅನ್ನುತ್ತಾರೆ. ಜಿರಳೆಯೂ ಹುಳ, ನಾಗರವೂ ಹುಳ! ಹೀಗಾದರೆ ವಿಜ್ಞಾನ ಉದ್ಧಾರವಾಗುವುದು ಯಾವಾಗ?

“ಕಾಲಿಲ್ಲದ್ದೆಲ್ಲಾ ಹಾವಲ್ಲ,” ಎಂದು ಹೆಂಡತಿ ಯಶೋಧರಾಳಿಗೂ ಪಾಠ ಮಾಡಿದೆ. “ಒಣ ಹುರುಪೆ, ಸೀಳು ನಾಲಗಿ ಇದ್ರ ಹಾವು. ಕಣ್ಣು ಪಿಳುಕಿಸಿದ್ರ ಕಾಲಿಲ್ಲದ ಹಲ್ಲಿ. ಮೈ ಹಸಿ ಇದ್ದು, ಎರೆಹುಳದಂಗ ಉಂಗುರ ಉಂಗುರ ಇದ್ರ ಅದು ಕಪ್ಪಿ ಕುಲದ್ದು, ಉಭಯವಾಸಿ.”

“ನಾವು ಅದರ ಕಣ್ಣು ನೋಡ್ಕೋತ ನಿಂತ್ರ, ಅದು ನಮ್ಮ ಕಾಲು ನೋಡಂಗಿಲ್ಲೇನ್ರಿ?” ಎಂದಳು.

ಮೊನ್ನೆ ದಢೇಸುಗೂರಿನಿಂದ ಅತ್ತೆ ಮುದುಕಮ್ಮ ಬಂದಿದ್ದರು. “ಅಳಿಯ ಓದ್ಯಾನ, ಆದ್ರ ಪುಕ್ಕಲ” ಎಂಬುದು ಮದುವೆಯ ದಿನವೇ ಅವರು ಕೊಟ್ಟ ತೀರ್ಪು. ಅದನ್ನು ರದ್ದು ಮಾಡಿಸಲು ನಾನು ಒಂದು ಅವಕಾಶಕ್ಕಾಗಿ ಕಾದಿದ್ದೆ. ಮರುದಿನ ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಸ್ನಾನಕ್ಕೆ ಹೊರಟರೆ ಯಶೋಧರಾ ಬಚ್ಚಲಿನಿಂದ ಓಡಿ ಬಂದಳು.

“ಒಳಗ ಹೋಗಬ್ಯಾಡ್ರಿ. ಹುಳ ಬಂದೈತಿ.”

“ಹೆಂಗೈತಿ?”

“ಉದ್ದಕ ಐತಿ. ಕಾಲಿಲ್ಲ. ಮೈಯೆಲ್ಲಾ ತೊಯ್ದೈತಿ.”

ನನ್ನ ಎದೆ ಕುಣಿಯಿತು. ರಾಜಾಜ್ಞೆ ಜಾರಿಯಲ್ಲಿರುವಾಗ ಹುಳ ಎಂದರೆ ಹಾವಲ್ಲ. ಕಾಲಿಲ್ಲ, ಮೈ ಹಸಿ: ಸಾಕ್ಷಾತ್ ಕಪ್ಪೆಯ ದಾಯಾದಿ! ಘಟ್ಟದ ಕಡೆಯ ಜೀವಿ, ತುಂಗಭದ್ರೆಯ ಕಾಲುವೆ ಹಿಡಿದು ಬಂದಿರಬೇಕು. ಜಿಲ್ಲೆಗೇ ಮೊದಲನೆಯದು, ಅದೂ ನನ್ನ ಬಚ್ಚಲಲ್ಲಿ, ಅದೂ ಅತ್ತೆಯ ಕಣ್ಣೆದುರು!

“ಅತ್ತಿ, ಬರ್ರಿ. ಕೈಯಾಗ ಹಿಡ್ದು ತೋರಸ್ತೀನಿ,” ಎಂದು ಒಳಹೊಕ್ಕೆ.

ಬಕೆಟ್ಟಿನ ಹಿಂದೆ ಅದು ಮಲಗಿತ್ತು. ಮೈ ತೊಯ್ದಿದ್ದೇನೋ ನಿಜ. ಗಾಬರಿಯಲ್ಲಿ ಹೆಂಡತಿ ಅದರ ಮೇಲೆ ಚೊಂಬು ನೀರು ಸುರಿದಿದ್ದಳೆಂದು ಆಮೇಲೆ ತಿಳಿಯಿತು. ಉಂಗುರ ನೋಡಲು ಮುಖವನ್ನು ಇನ್ನಷ್ಟು ಹತ್ತಿರ ಒಯ್ದೆ. ಅದು ತಲೆಯೆತ್ತಿ ಸೀಳು ನಾಲಗೆ ಚಾಚಿತು. ಮುಂದಿನದೆಲ್ಲ ನನ್ನ ಕಾಲುಗಳ ಕೆಲಸ. ಕಣ್ಣು ಬಿಟ್ಟಾಗ ನಾನು ಬಚ್ಚಲಿನ ಸಜ್ಜದ ಮೇಲೆ, ಹಳೇ ಡಬ್ಬಗಳ ನಡುವೆ ಕೂತಿದ್ದೆ.

“ಹಾವು ಅಂತ ಯಾಕ ಹೇಳಲಿಲ್ಲ ನೀ?” ಎಂದು ಅಲ್ಲಿಂದಲೇ ಒದರಿದೆ.

“ಅವ್ವನ ಮುಂದ ಅದರ ಹೆಸರು ಹೆಂಗ ತಗೀಲ್ರಿ? ಬೈತಾಳ.”

ಅಷ್ಟರಲ್ಲಿ ಹಾವು ಮೋರಿಯ ತೂತಿನಿಂದ ಹೊರಗೆ ಹೋಯಿತು. ನಾನು ಮಾತ್ರ ಹೋಗಲಿಲ್ಲ. ಹತ್ತುವಾಗ ಇದ್ದ ದಾರಿ ಇಳಿಯುವಾಗ ಕಾಣಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಒಮ್ಮೆ ಮೋರಿಯನ್ನು, ಒಮ್ಮೆ ನನ್ನನ್ನು ನೋಡಿದರು.

“ಯಶೋಧರಾ, ಕಾಲಿಲ್ಲದ್ದು ತಂತಾನ ಹೋತು,” ಎಂದರು. “ಕಾಲಿದ್ದವರನ್ನ ಇಳಿಸಾಕ ಏಣಿ ತಗೊಂಬಾ.”