ಸೀನೋ ಸೀಟಿಯೋ

ಫುಟ್ಬಾಲ್ ಕ್ಲಬ್ಬಿಗೆ ಊಟ ಹಾಕುವ ಕೆಲಸ ಹಿಡಿದವರಿಗೆ ಒಂದು ದಿನವೂ ಸುಮ್ಮನೆ ಕಳೆಯುವುದಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ, ಅದೂ ಒಲೆಯ ಮೇಲೆ ಬೇಳೆ ಉಕ್ಕುವ ಹೊತ್ತಿಗೇ.

ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾಲೋನಿಯಲ್ಲಿ. ಅಲ್ಲಿ ಮಕ್ಕಳು ಸರಿಯಾಗಿ ನಡೆಯಲು ಕಲಿಯುವ ಮೊದಲೇ ಚೆಂಡು ಒದೆಯುತ್ತಿದ್ದವು. ಯಜಮಾನರ ರೈಲ್ವೆ ನೌಕರಿ ನನ್ನನ್ನು ರಾಣೆಬೆನ್ನೂರಿಗೆ ತಂದಿತು. ಅವರು ಹೋದ ಮೇಲೂ ನಾನು ಇಲ್ಲೇ ಉಳಿದು, ನಿಲ್ದಾಣದ ಹಿಂದೆ ಖಾನಾವಳಿ ಇಟ್ಟೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಊರಿನ ಬೀಜದ ಸಾಹುಕಾರರೊಬ್ಬರಿಗೆ ಫುಟ್ಬಾಲ್ ಹುಚ್ಚು ಹಿಡಿಯಿತು. ಹೊರಗಿನಿಂದ ಸಂಬಳದ ಆಟಗಾರರನ್ನು ಕರೆಸಿದರು, ಕೋಚ್ ಇಟ್ಟರು, ಲೀಗಿಗೆ ಹೆಸರು ಕೊಟ್ಟರು. ಎಲ್ಲರ ಊಟ ನನ್ನಲ್ಲಿ.

ಸಾಹುಕಾರರು ಮೊದಲ ದಿನವೇ ಹೇಳಿದ್ದರು: “ಒಂದ ಹಂಗಾಮು ನೋಡತೇನ್ರಿ ಅಮ್ಮಾರ. ಟೀಮ್ ಕೆಳಗಿನ ದರ್ಜೆಗೆ ಬಿತ್ತಂದ್ರ, ಹೊಲ ಹರಗಿ ಬ್ಯಾರೆ ಬಿತ್ತತೇನಿ.”

ಅಂದರೆ ಕ್ಲಬ್ಬಿಗೆ ಬೀಗ. ನಾನು ಹುಟ್ಟಿದೂರಿನ ಗಣಿ ಮುಚ್ಚಿ, ಅರ್ಧ ಕಾಲೋನಿ ಖಾಲಿಯಾಗಿ ಬಹಳ ದಿನವಾಗಿರಲಿಲ್ಲ. ಇನ್ನೊಂದು ಮುಚ್ಚುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹಾಗಾಗಿ ಆ ವರ್ಷವೆಲ್ಲ ಬೇಳೆಯ ಜೊತೆಗೆ ನನ್ನ ಎದೆಯೂ ಕುದಿಯಿತು.

೧. ಹಂಚಿನ ಮೇಲಿನ ರೊಟ್ಟಿ

ಆಫ್‌ಸೈಡ್ ಎಂದರೇನೆಂದು ಸಾಹುಕಾರರಿಗೆ ತಿಳಿಸಿಕೊಡಲು ಹೋಗಿ ಕೋಚ್ ಸುಸ್ತಾಗಿದ್ದರು. ಖಾನಾವಳಿಯ ಮೇಜಿನ ಮೇಲೆ ನೀರಿನ ಲೋಟಗಳನ್ನು ಆಟಗಾರರಂತೆ ನಿಲ್ಲಿಸಿ ತೋರಿಸಿದರು. ಸಾಹುಕಾರರು ಕೇಳುತ್ತ ಕೇಳುತ್ತ ಎರಡು ಲೋಟ ಎತ್ತಿ ಕುಡಿದು ತಮ್ಮ ಪಕ್ಕದಲ್ಲಿಟ್ಟುಕೊಂಡರು. ಕೋಚ್ ಕೈಚೆಲ್ಲಿ ಕೂತರು.

“ಅಮ್ಮಾರ, ನೀವರ ಹೇಳ್ರಿ. ಇವ್ರು ಹೇಳಿದ್ದು ನನಗ ಒಂದೂ ತಿಳೀವಲ್ದು.”

“ನೋಡಿ ಸಾಹುಕಾರ್ರೇ,” ಎಂದೆ. “ರೊಟ್ಟಿ ಇನ್ನೂ ಹಂಚಿನ ಮೇಲಿರುವಾಗಲೇ ಒಬ್ಬ ಬಡಿಸುವವರನ್ನೆಲ್ಲ ದಾಟಿ, ಒಲೆಯ ಹತ್ತಿರ ತಟ್ಟೆ ಹಿಡಿದು ನಿಂತುಬಿಟ್ಟರೆ ಅದು ಆಫ್‌ಸೈಡ್. ರೊಟ್ಟಿ ಹಂಚು ಬಿಟ್ಟ ಮೇಲೆ ಓಡಿ ಬಂದು ಹಿಡಿದರೆ ಅದು ಆಟ.”

“ಇಷ್ಟ ಏನು! ಇದಕ್ಯಾಕ ಅಷ್ಟು ಲೋಟ?”

ಮುಂದಿನ ಪಂದ್ಯ ಹಾವೇರಿಯಲ್ಲಿ. ನಮ್ಮ ಮುಂಚೂಣಿ ಆಟಗಾರ ಗೋವಾ ಕಡೆಯವನು. ಎದುರಾಳಿಗಳನ್ನೆಲ್ಲ ದಾಟಿ ಮುಂದೆ ಹೋಗಿ ನಿಂತಿದ್ದ. ಸಾಹುಕಾರರು ಕುರ್ಚಿಯಿಂದೆದ್ದು ಕೂಗಿದರು: “ಲೇ, ಹಿಂದ ಬಾರಲೇ! ರೊಟ್ಟಿ ಇನ್ನೂ ಹಂಚಿನ ಮ್ಯಾಲ ಐತಿ!”

ಅವನಿಗೆ ಬರುತ್ತಿದ್ದ ಕನ್ನಡದ ಒಂದೇ ಶಬ್ದ ರೊಟ್ಟಿ. ಆಟ ಬಿಟ್ಟು, ಅಂಚಿನಲ್ಲಿ ನಾನು ಬುತ್ತಿ ಇಟ್ಟುಕೊಂಡು ಕೂತ ಕಡೆ ತಿರುಗಿ ನಿಂತುಬಿಟ್ಟ. ಅಷ್ಟರಲ್ಲಿ ಚೆಂಡು ಅವನ ಪಕ್ಕದಿಂದಲೇ ಹಾದುಹೋಯಿತು. ಅವನು ಮುಟ್ಟಲಿಲ್ಲವೆಂದು ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ. ಹಿಂದಿನಿಂದ ಓಡಿ ಬಂದ ಇನ್ನೊಬ್ಬ ಅದನ್ನು ಬಲೆಗೆ ಹೊಡೆದ.

ನಮ್ಮ ಕ್ಲಬ್ಬಿನ ಚರಿತ್ರೆಯ ಮೊದಲ ಗೋಲು ಬಂದದ್ದು ಹಸಿವಿನಿಂದ.

೨. ದೊಡ್ಡವರಿಗೆ ನಮಸ್ಕಾರ

ರಕ್ಷಣೆಗೆ ಹಲಗೇರಿಯ ಒಬ್ಬನನ್ನು ಸೇರಿಸಿಕೊಂಡಿದ್ದರು. ಗೋಡೆಯಂಥ ಆಳು, ಆದರೆ ಮೂಲತಃ ಕಬಡ್ಡಿ ಆಟಗಾರ. ಎದುರಾಳಿ ತನ್ನನ್ನು ದಾಟಿ ಹೊರಟರೆ ಅವನ ಕೈ ಕೇಳುತ್ತಿರಲಿಲ್ಲ, ಹೋಗಿ ಪಾದ ಹಿಡಿದೇ ಬಿಡುತ್ತಿತ್ತು.

ಒಮ್ಮೆ ಹಾಗೆ ಹಿಡಿದಾಗ ರೆಫರಿ ಓಡಿ ಬಂದು, “ಏನಿದು?” ಎಂದರು.

ನೆಲದ ಮೇಲೆ ಮಲಗಿದ್ದವನು ಕಾಲು ಬಿಡದೆಯೇ ಹೇಳಿದ: “ನಮಸ್ಕಾರ ಮಾಡಾಕತ್ತಿದ್ನಿರಿ ಸರ. ದೊಡ್ಡವ್ರು ಅದಾರ.”

ಆ ದೊಡ್ಡವರಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ರೆಫರಿ ನಗು ತಡೆಯಲಾರದೆ ಹಳದಿ ಕಾರ್ಡಿಗೇ ಬಿಟ್ಟರು. ಕೆಂಪು ಕಾರ್ಡು ತಪ್ಪಿತಲ್ಲ ಎಂದು ನಾವು ಉಸಿರು ಬಿಟ್ಟೆವು.

ಮಾರನೆಯ ದಿನದಿಂದ ಕೋಚ್ ನನ್ನ ಬುಟ್ಟಿಯಿಂದ ಎರಡು ಉಳ್ಳಾಗಡ್ಡಿ ತೆಗೆದು ಅವನ ಎರಡು ಕೈಗೆ ಕೊಡತೊಡಗಿದರು. ಅಭ್ಯಾಸ ಮುಗಿಯುವವರೆಗೆ ಅವನ್ನು ಬಿಡುವಂತಿಲ್ಲ. ಅವನ ಆಟ ಸುಧಾರಿಸಿತು. ಸಂಜೆ ಅವನು ಹಿಂದಿರುಗಿಸಿದ ಉಳ್ಳಾಗಡ್ಡಿ ಮಾತ್ರ ಹೆಚ್ಚುವ ಅಗತ್ಯವೇ ಇರುತ್ತಿರಲಿಲ್ಲ.

೩. ಒಂಟಿ ಸೀನು

ಸಾಹುಕಾರರು ಹೊಸ ಬೀಜಕ್ಕೆ ಅಂಜದ ಮನುಷ್ಯ, ಒಂಟಿ ಸೀನಿಗೆ ಅಂಜುತ್ತಿದ್ದರು. ಎರಡು ಸೀನು ಬಂದರೆ ಒಳ್ಳೆಯದು, ಒಂದೇ ಬಂದರೆ ಹೆಜ್ಜೆ ಕಿತ್ತಿಡುವಂತಿಲ್ಲ.

ಒಂದು ದಿನ ಹಾವೇರಿಗೆ ಹೊರಟ ಬಸ್ಸಿನಲ್ಲಿ ಯಾರೋ ಒಂದು ಸಲ ಸೀನಿದರು. “ಇಳೀರಿ ಎಲ್ಲಾರೂ!” ಎಂದರು ಸಾಹುಕಾರರು. ಇಡೀ ತಂಡ ಇಳಿದು ನನ್ನ ಅಂಗಳದಲ್ಲಿ ಇನ್ನೊಂದು ಸೀನಿಗೆ ಕಾಯುತ್ತ ಕೂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಾ ಎಂದರೆ ಬರುವ ವಸ್ತುವೇ ಅದು? ಹೊತ್ತಿಗೆ ಸರಿಯಾಗಿ ಮೈದಾನ ಮುಟ್ಟದಿದ್ದರೆ ಪಂದ್ಯ ಎದುರಾಳಿಗೆ ಹೋಗುತ್ತದೆಂದು ಕೋಚ್ ಗಡಿಯಾರ ನೋಡಿ ನೋಡಿ ಬೆವರಿದರು.

ನಾನು ಒಳಗೆ ಹೋಗಿ, ಕಾದ ಎಣ್ಣೆಗೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದು ಬಾಗಿಲು ತೆರೆದಿಟ್ಟೆ. ಅಂಗಳವೆಲ್ಲ ಸೀನೇ ಸೀನು. ಸಾಹುಕಾರರು ಕಣ್ಣೊರೆಸಿಕೊಳ್ಳುತ್ತ ಬೆರಳು ಮಡಿಸಿ ಎಣಿಸುತ್ತಿದ್ದರು.

“ಇಪ್ಪತ್ತೊಂದು! ಮತ್ತ ಬೆಸ ಆತಲ್ರಿ!”

ಗೋಲ್‌ಕೀಪರ್ ಸಮಯ ನೋಡಿ, “ಆಕ್ಷೀ” ಎಂದ. ಬರೀ ಬಾಯಲ್ಲಿ.

ಸಾಹುಕಾರರು ಅವನನ್ನು ದಿಟ್ಟಿಸಿದರು. “ನಕಲಿ ಬೀಜ ಅಂತ ಗೊತ್ತೈತಿ. ಇರ್ಲಿ, ಎಣಿಕಿಗೆ ಬರತೈತಿ. ಹತ್ರಿ ಬಸ್ಸು!”

ಹಾವೇರಿ ಮುಟ್ಟಿದಾಗ ರೆಫರಿಯೇ ಇನ್ನೂ ಬಂದಿರಲಿಲ್ಲ. ಬದುಕಿದೆವು.

೪. ಬ್ಯಾಡಗಿಯ ಗಾಳಿ

ಹಂಗಾಮಿನ ಕೊನೆಯ ಪಂದ್ಯಕ್ಕೆ ನಮ್ಮೂರ ಮೈದಾನ ಸಿಗಲಿಲ್ಲ, ಬ್ಯಾಡಗಿಯಲ್ಲಿ ಆಡಬೇಕಾಯಿತು. ಎದುರಾಳಿಗಳೂ ಆ ಊರಿನವರಲ್ಲ. ಸಮ ಮಾಡಿಕೊಂಡರೆ ಉಳಿವು, ಸೋತರೆ ಕೆಳಗಿನ ದರ್ಜೆ. ಹೋಗುವಾಗ ಕದರಮಂಡಲಗಿಯಲ್ಲಿ ಇಳಿದು ಆಂಜನೇಯನಿಗೆ ಕೈಮುಗಿದೆವು. ಬಸ್ಸಿನಲ್ಲಿ ಹಲಗೇರಿಯವನು, “ಅಮ್ಮಾರ, ಸೋತ್ರ ಮತ್ತ ನಾ ಎಮ್ಮಿ ಕಾಯಾಕ ಹೋಗೂದ ಏನ್ರಿ?” ಎಂದ. ನಾನು ಬುತ್ತಿಯಿಂದ ಒಂದು ರೊಟ್ಟಿ ತೆಗೆದು ಅವನ ಕೈಗಿಟ್ಟೆ.

ಮೆಣಸಿನಕಾಯಿಯ ಸುಗ್ಗಿ ಕಾಲ. ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಕೆಂಪು ಧೂಳು ಮೈದಾನಕ್ಕೆ ಬರುತ್ತಿತ್ತು. ಬ್ಯಾಡಗಿಯವರ ಮೂಗಿಗೆ ಅದರ ಗೊಡವೆಯೇ ಇಲ್ಲ. ಹೊರಗಿನಿಂದ ಬಂದ ರೆಫರಿಯ ಕಣ್ಣು ಮಾತ್ರ ಮೊದಲರ್ಧ ಮುಗಿಯುವಷ್ಟರಲ್ಲಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು.

ಕೊನೆಯ ನಿಮಿಷದವರೆಗೂ ಯಾರೂ ಗೋಲು ಹೊಡೆಯಲಿಲ್ಲ. ಆಗ ಎದುರಾಳಿಯ ಒಬ್ಬ ನಮ್ಮ ಗೋಲಿನ ಮುಂದೆಯೇ ಹಲಗೇರಿಯವನನ್ನು ದಾಟಿದ. ಇವನ ಕೈಯಲ್ಲಿ ಆ ದಿನ ಉಳ್ಳಾಗಡ್ಡಿ ಇರಲಿಲ್ಲ.

“ಸರ, ನಮಸ್ಕಾರ ಮಾಡಾಕತ್ತಿ—”

“ಸಾಕು!” ಎಂದರು ರೆಫರಿ. ಪೆನಾಲ್ಟಿ.

ಸಾಹುಕಾರರು ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡರು. “ಅಮ್ಮಾರ, ನಾಳೆ ಹರಗೂದ.”

ಅವರ ನಾಯಕನೇ ಹೊಡೆಯಲು ನಿಂತ. ಹಿಂದೆ ಸರಿದ, ಓಡಿ ಬಂದ. ಗಾಳಿ ಬೀಸಿತು. ಕೊನೆಯ ಹೆಜ್ಜೆಗೆ ಸರಿಯಾಗಿ ಅವನಿಗೆ ಸೀನು. ಬೂಟು ನೆಲ ಕೆರೆಯಿತು. ಚೆಂಡು ವಿಳಾಸ ಹುಡುಕುವ ನೆಂಟನಂತೆ ಮೆಲ್ಲಗೆ ಉರುಳುತ್ತ ನಮ್ಮ ಗೋಲ್‌ಕೀಪರನ ಕಾಲಬುಡಕ್ಕೆ ಬಂದು ನಿಂತಿತು. ಅವನು ಅದನ್ನು ಕೂಸಿನಂತೆ ಎತ್ತಿಕೊಂಡ.

ಸೀನು ಬಂದದ್ದಕ್ಕೆ ಇನ್ನೊಂದು ಅವಕಾಶ ಕೊಡಿ ಎಂದು ನಾಯಕ ರೆಫರಿಯ ಬೆನ್ನು ಹತ್ತಿದ. ರೆಫರಿ ಸೀಟಿ ಬಾಯಿಗಿಟ್ಟರು. ಏನು ಹೇಳಲು ಹೊರಟಿದ್ದರೋ ಆಂಜನೇಯನಿಗೇ ಗೊತ್ತು. ಅಷ್ಟರಲ್ಲಿ ಅವರಿಗೂ ಸೀನು ಬಂತು, ಸೀಟಿಯ ಮೂಲಕ.

ಪುರ್ರ್!

“ಒಂಟಿ ಸೀನು! ಕೆಟ್ವಿ!” ಎಂದರು ಸಾಹುಕಾರರು ಟಾವೆಲ್ಲಿನೊಳಗಿಂದ.

ಪುರ್ರ್!

“ಜೋಡಿ ಆತು, ಜೋಡಿ ಆತು!” ಟಾವೆಲ್ ಕೆಳಗೆ ಬಿತ್ತು.

ಪುರ್ರ್!

ಮೂರು ಸೀಟಿ ಎಂದರೆ ಆಟ ಮುಗಿಯಿತೆಂದು ನಮ್ಮ ಗಣಿ ಕಾಲೋನಿಯ ತೊಟ್ಟಿಲ ಕೂಸಿಗೂ ಗೊತ್ತು. ನಾನು ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ: “ಮುಗೀತು! ಮುಗೀತು!” ಜನ ಮೈದಾನಕ್ಕೆ ನುಗ್ಗಿದರು. “ಅದು ಸೀನು, ಸೀಟಿ ಅಲ್ಲ!” ಎಂದು ಎದುರಾಳಿ ನಾಯಕ ಕಿರುಚಿದ್ದು ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು, ನಾನು ಇನ್ನಷ್ಟು ಜೋರಾಗಿ ಕೂಗಿದೆ. ರೆಫರಿ ಗಡಿಯಾರ ನೋಡಿಕೊಂಡರು. ಹೊತ್ತು ಯಾವಾಗಲೋ ಮೀರಿತ್ತು. ಮುಗಿಯಿತೆಂದು ಕೈ ಬೀಸಿಬಿಟ್ಟರು.

ಹಲಗೇರಿಯವನು ಬಂದು ಈ ಸಲ ನಿಜವಾಗಿಯೇ ನನ್ನ ಕಾಲು ಹಿಡಿದ. ವರ್ಷವಿಡೀ ಎದೆಯಲ್ಲಿ ಕುದ್ದದ್ದೆಲ್ಲ ಆಗ ಇಳಿಯಿತು.

ರೆಫರಿ ಜೀಪು ಹತ್ತುವಾಗ ಸಾಹುಕಾರರು ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: “ಸರ, ಆಟ ಅಂತೂ ಮುಗೀತು. ಖರೇ ಹೇಳ್ರಿ, ಅದು ಸೀನೋ ಸೀಟಿಯೋ?”

ರೆಫರಿ ಅತ್ತಿತ್ತ ನೋಡಿದರು. ಹೇಳಲು ಬಾಯಿ ತೆರೆದರು.

“ಆಕ್ಷೀ!”

ಒಂದೇ. ಡ್ರೈವರ್ ಜೀಪು ಚಾಲೂ ಮಾಡಿದ. ಸಾಹುಕಾರರು ಎರಡೂ ಕೈ ಚಾಚಿ ಜೀಪಿಗೆ ಅಡ್ಡ ನಿಂತರು.

“ತಡೀರಿ! ಒಂಟಿ ಸೀನ್ಯಾಗ ಹೊಂಡಬ್ಯಾಡ್ರಿ! ಅಮ್ಮಾರ, ಲಗೂನ ಒಂದು ಒಗ್ಗರಣಿ ಹಾಕ್ರಿ!”