ಐದು ಗಲ್ಲಿ, ಹನ್ನೊಂದು ತುದಿ

ಎಲ್ಲಕ್ಕೂ ಕಾರಣ ಒಂದು ಗೋಡೆ. ಆ ಗೋಡೆಗೆ ಕಾರಣ ಜಯಶೀಲ.

ಡೊಂಬಿವಲಿಯ ಆ ಕಾಲೊನಿಯಲ್ಲಿ ಭಜನಾ ಮಂದಿರದ ಮೂಲೆಯಿಂದ ಜಯಶೀಲನ ಬಿಲ್ಡಿಂಗಿನ ಮೂಲೆಗೆ ಎರಡು ದಾರಿಗಳಿದ್ದವು, ಒಂದು ದೊಡ್ಡ ರಸ್ತೆ, ಒಂದು ಸಣ್ಣ ಗಲ್ಲಿ. ಬೆಳಗಿನ ಐದಕ್ಕೇ ಸಣ್ಣ ಗಲ್ಲಿಗೆ ನುಗ್ಗಿ ಹಾರ್ನ್ ಹೊಡೆಯುವ ರಿಕ್ಷಾಗಳಿಂದ ನಿದ್ದೆಗೆಟ್ಟು ಅವನು ಸೊಸೈಟಿಗೆ ಅರ್ಜಿ ಕೊಟ್ಟ. 2010ರ ಮಳೆಗಾಲ ಮುಗಿಯುವಷ್ಟರಲ್ಲಿ ಗಲ್ಲಿಯ ಮಂದಿರದ ಕಡೆಯ ಬಾಯಿಗೆ ಆಳೆತ್ತರದ ಗೋಡೆ ಎದ್ದಿತು. ಈಚೆಯ ತುದಿಯಲ್ಲಿ ಜಯಶೀಲ ಸ್ಕೂಟರ್ ನಿಲ್ಲಿಸತೊಡಗಿದ. ಜೀವಮಾನದಲ್ಲಿ ಅವನು ಗೆದ್ದ ಮೊದಲ ಅರ್ಜಿ ಅದು.

ದೀಪ ಹಿಡಿದು ಹಾಡುತ್ತ ಗಲ್ಲಿಗಲ್ಲಿ ಸುತ್ತುವ ನಗರ ಭಜನೆಯ ಭಾನುವಾರ ಬೆಳಗ್ಗೆ ನೋಡಿದರೆ, ಮಂದಿರದ ಜಗಲಿಯ ಮೇಲೆ ಮಂಡಳಿಯವರೆಲ್ಲ ಸೀಮೆಸುಣ್ಣ ಹಿಡಿದು ಕೂತಿದ್ದರು.

ಮಂಡಳಿಯ ಹಿರಿಯ ದೇಜಪ್ಪಣ್ಣನಿಗೆ ಮೂರು ನಿಯಮಗಳಿದ್ದವು. ದೀಪ ಕಾಲೊನಿಯ ಎಲ್ಲ ಗಲ್ಲಿಗಳಿಗೂ ಹೋಗಬೇಕು, ಹೋದ ಗಲ್ಲಿಯನ್ನು ಮತ್ತೆ ತುಳಿಯಬಾರದು. ಇದು ಮೊದಲನೆಯದು. ದೀಪ ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಎಲ್ಲರಿಗೂ ಊಟ. ಇದು ಎರಡನೆಯದು. ಮೂರನೆಯದು ಮಂದಿರದ ನಾಲ್ಕು ಗೋಡೆಗಳ ಒಳಗೇ ನಡೆದುಹೋಗುತ್ತಿದ್ದುದರಿಂದ ಯಾರೂ ಅದನ್ನು ಕೇಳಿರಲಿಲ್ಲ.

ಮೂವತ್ತೊಂದು ವರ್ಷ ದೀಪ ಮಂದಿರದಿಂದ ಹೊರಟು ಮಂದಿರಕ್ಕೇ ಬಂದಿತ್ತು. ಈ ವರ್ಷ ಜಗಲಿಯ ಮೇಲೆ ಹೇಗೆ ಗೆರೆ ಎಳೆದರೂ ಬರಲೊಲ್ಲದು.

“ಈ ಗೋಡೆ ಕಟ್ಟಿಸಿದ ಪುಣ್ಯಾತ್ಮ ಯಾರು ಮಾರಾಯ?” ಎಂದರು ದೇಜಪ್ಪಣ್ಣ.

ಜಯಶೀಲ ತನ್ನ ತಾಳಗಳನ್ನು ಬಹಳ ಶ್ರದ್ಧೆಯಿಂದ ಒರೆಸಿದ.

“ಸಂಜೆಯೊಳಗೆ ದಾರಿ ಸಿಕ್ಕದಿದ್ದರೆ ಈ ವರ್ಷ ದೀಪ ಹೊರಡುವುದಿಲ್ಲ,” ಎಂದು ಹೇಳಿ ಆ ಮುದುಕ ಮುಖ ತಿರುಗಿಸಿದಾಗ ಕಣ್ಣು ಒದ್ದೆಯಾಗಿದ್ದವು. ಜಯಶೀಲ ಜಗಲಿಯ ಗೆರೆಗಳನ್ನು ಒಂದು ಚೀಟಿಗೆ ಇಳಿಸಿಕೊಂಡು ಮನೆಗೆ ನಡೆದ.

ಮನೆಯಲ್ಲಿ ಅಡುಗೆಮನೆಯ ನೆಲದ ಲಾದಿ ಕಲ್ಲುಗಳನ್ನು ಕಿತ್ತು ವಾರವಾಗಿತ್ತು. ಗ್ಯಾಸು ಗ್ಯಾಲರಿಯಲ್ಲಿ, ಅಕ್ಕಿಡಬ್ಬಿ ಮಂಚದ ಕೆಳಗೆ. ಹೆಂಡತಿ ಉಮಾವತಿ ಆವತ್ತೇ ಆಣೆ ಹಾಕಿದಂತೆ ಹೇಳಿದ್ದಳು: “ಲಾದಿ ಕೂರುವವರೆಗೆ ಹೊರಗಿನ ಒಂದು ಕಾಲು ಒಳಗೆ ಬಂದರೂ ನಾನು ಸೀವುಡ್ಸಿಗೆ, ಅಣ್ಣನ ಮನೆಗೆ. ನೀವು ಸಿಮೆಂಟು ತಿಂದುಕೊಂಡು ಇರಿ.”

ಬಿಎಸ್ಸಿ ಓದುತ್ತಿದ್ದ ಮಗಳು ಪ್ರಣೀತಾ ಅಪ್ಪನ ಚೀಟಿಯ ಗೆರೆಗಳನ್ನು ನೋಡಿ ನಕ್ಕಳು. “ಅರೇ ಪಪ್ಪಾ, ಯೇ ತೋ ಆಯ್ಲರ್ ಕಾ ಪ್ರಾಬ್ಲೆಮ್ ಹೈ!”

ಕೋನಿಗ್ಸ್‌ಬರ್ಗ್ ಎಂಬ ಊರು, ಅಲ್ಲಿ ಏಳು ಸೇತುವೆಗಳು. ಯಾವುದನ್ನೂ ಎರಡು ಸಲ ದಾಟದೆ ಎಲ್ಲವನ್ನೂ ದಾಟಬಹುದೇ ಎಂದು ಊರಿನ ಜನ ನಡೆದೂ ನಡೆದೂ ಚಪ್ಪಲಿ ಸವೆಸಿದರಂತೆ. ಆಯ್ಲರ್ ಎಂಬ ಗಣಿತಜ್ಞ ಆ ಸೇತುವೆಗಳ ಮೇಲೆ ಓಡಾಡದೆ, ಬರೇ ಯೋಚಿಸಿ, ಆಗದು ಎಂದನಂತೆ. ಕಡೆಗಾಲದಲ್ಲಿ ಎರಡೂ ಕಣ್ಣು ಹೋದ ಮೇಲೂ ಆತ ಮನಸ್ಸಿನಲ್ಲೇ ಲೆಕ್ಕ ಮಾಡುತ್ತಿದ್ದನಂತೆ. ದೊಡ್ಡದೊಂದು ಕಾವ್ಯ ಮೊದಲಿನಿಂದ ಕೊನೆಯವರೆಗೆ ಬಾಯಿಗೆ ಬರುತ್ತಿತ್ತಂತೆ.

ಸಂಜೆ ನಾಲ್ಕಕ್ಕೆ ಜಯಶೀಲ ಇದನ್ನೆಲ್ಲ ಮಂದಿರದಲ್ಲಿ ಹೇಳಿದ. ಕಾವ್ಯದ ಮಾತು ಬಂದಾಗ ದೇಜಪ್ಪಣ್ಣ ಕೈ ಮುಗಿದರು. “ಬಾಯಿಪಾಠ ಇತ್ತಾ? ಹಾಗಾದರೆ ನಮ್ಮವನೇ. ಹೇಳು, ಅವ ಎಂತ ಹೇಳಿದ್ದಾನೆ?”

“ಒಂದು ಮೂಲೆಗೆ ಒಂದು ಗಲ್ಲಿಯಿಂದ ಬಂದರೆ ಇನ್ನೊಂದರಿಂದ ಹೋಗಬೇಕಲ್ಲ ಅಣ್ಣ? ಬರುವುದು ಹೋಗುವುದು ಜೋಡಿ. ಮೂರು ಗಲ್ಲಿ ಕೂಡುವ ಮೂಲೆಯಲ್ಲಿ ಒಂದು ಒಂಟಿ ಉಳಿಯುತ್ತದೆ. ಅಂಥ ಕಡೆಯಿಂದ ಹೊರಡಬಹುದು, ಇಲ್ಲ ಅಲ್ಲಿ ಮುಗಿಸಬಹುದು. ಎರಡೂ ಆಗುವುದಿಲ್ಲ. ಮಂದಿರಕ್ಕೆ ಈಗ ಮೂರು ಗಲ್ಲಿ. ಹಾಗಾಗಿ ದೀಪ ಇಲ್ಲಿಂದ ಹೊರಟರೆ ಬೇರೆ ಕಡೆ ನಿಲ್ಲಬೇಕು.”

“ಬೇರೆ ಎಲ್ಲಿ?” ಎಂದ ಕಾರ್ಯದರ್ಶಿ ಲತೇಶ್. “ಅಲ್ಲಿಯವರಿಗೆ ಅರವತ್ತು ಜನರ ಊಟದ ಭಾಗ್ಯ!”

ಜಯಶೀಲ ನಿರಾಳವಾಗಿ ನಕ್ಕ. “ಅದೇ ಸಿಕ್ಕುತ್ತಿಲ್ಲ. ಡೇರಿ ಮೂಲೆಗೆ ಎರಡು, ನೀರಿನ ಟಾಂಕಿ ಮೂಲೆಗೆ ಎರಡು, ನಮ್ಮ ಬಿಲ್ಡಿಂಗಿನ ಮೂಲೆಗೆ ನಾಲ್ಕು. ಎಲ್ಲ ಜೋಡಿಯೇ, ಬೆಸ ಒಂದೂ ಇಲ್ಲ.”

ಹಿಂದೆ ನಿಂತಿದ್ದ ಪ್ರಣೀತಾ ಬೆರಳು ಮಡಚಿದಳು. “ಪಪ್ಪಾ, ಗಲ್ಲಿ ಪಾಂಚ್. ಹರ್ ಗಲ್ಲಿ ಕೇ ದೋ ಸಿರೇ. ಟೋಟಲ್ ದಸ್ ಹೋನಾ ಚಾಹಿಯೇ, ಆಪ್ ಕಾ ಗ್ಯಾರಹ್ ಕೈಸೇ?”

ಲತೇಶ್ ಕೂಡಿಸಿ ನೋಡಿದ. ಮೂರು, ಎರಡು, ಎರಡು, ನಾಲ್ಕು. ಹನ್ನೊಂದೇ. ಒಂದಕ್ಕೆ ಎರಡರಂತೆ ಹತ್ತಾಗಬೇಕಾದಲ್ಲಿ, ಐದು ಗಲ್ಲಿಗಳಿಗೆ ಹನ್ನೊಂದು ತುದಿ!

ಬೆಸ ಮೂಲೆ ಯಾವತ್ತೂ ಒಂಟಿಯಾಗಿರುವುದಿಲ್ಲ, ಒಂದಿದ್ದರೆ ಅದರ ಜೊತೆಯದು ಎಲ್ಲೋ ಇದ್ದೇ ಇರುತ್ತದೆ ಎಂದು ಹುಡುಗಿ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದಳು. ದೇಜಪ್ಪಣ್ಣನ ಮುಖ ಗರ್ಭಗುಡಿಯ ಪರದೆ ಸರಿದಾಗ ಆಗುವಂತೆ ಆಯಿತು. “ಯಾರೂ ಮಾಡಿದ್ದಲ್ಲ, ಆದರೂ ಇರುತ್ತದೆ ಅಲ್ವಾ ಮಗಾ? ನಡೆಯಿರಿ, ಹುಡುಕುವಾ!”

ಅರವತ್ತು ಜನ ತಾಳ ಬಡಿಯುತ್ತ, ಹೆಣ್ಣು ನೋಡಲು ಹೊರಟ ದಿಬ್ಬಣದಂತೆ ಹೊರಟರು. ಡೇರಿಯವನು ಹಾಲಿನ ಕ್ಯಾನು ಬಿಟ್ಟು ಹಿಂಬಾಲಿಸಿದ. ಡೇರಿ ಮೂಲೆ ಎರಡೇ. ಟಾಂಕಿ ಮೂಲೆಯೂ ಎರಡೇ. ಉಳಿದದ್ದು ಒಂದು.

ಜಯಶೀಲನ ನಡಿಗೆ ಇದ್ದಕ್ಕಿದ್ದಂತೆ ನಿಧಾನವಾಯಿತು.

ಲತೇಶ್ ಅವನ ಬಿಲ್ಡಿಂಗಿನ ಮೂಲೆಯಲ್ಲಿ ನಿಂತು ಎಣಿಸಿದ. “ದೊಡ್ಡ ರಸ್ತೆ ಒಂದು. ಡೇರಿ ಕಡೆಯದು ಎರಡು. ಟಾಂಕಿ ಕಡೆಯದು ಮೂರು. ನಾಲ್ಕನೆಯದು...” ಎಂದು ಸ್ಕೂಟರ್ ದಾಟಿ ಒಳಗೆ ಹೋದವನು ಕತ್ತಲಲ್ಲಿ ಕಂಬಕ್ಕೆ ಹಾಯ್ದ ಹಸುವಿನಂತೆ ಗೋಡೆಗೆ ಹಾಯ್ದ. “ಇದು ಗಲ್ಲಿಯಾ ಮಾರಾಯ? ನಿನ್ನ ಸ್ಕೂಟರಿನ ಗೂಡು!”

ಮಂದಿರದ ಕಡೆ ಗೋಡೆ ಎದ್ದ ತುದಿಯನ್ನು ಲೆಕ್ಕದಿಂದ ಕಳೆದಿದ್ದ ಜಯಶೀಲ, ಅದೇ ಗಲ್ಲಿಯ ತನ್ನ ಕಡೆಯ ತುದಿಯನ್ನೂ ಕಳೆಯಬೇಕೆಂಬುದನ್ನು ಮರೆತಿದ್ದ.

“ಮೂರು!” ಎಂದರು ಎಲ್ಲರೂ. ಎಲ್ಲಿಯದೋ ಊರು, ಯಾವುದೋ ಕಾಲದ ಒಬ್ಬ ಮನುಷ್ಯ, ಡೊಂಬಿವಲಿಯನ್ನು ಕಾಣದೆಯೇ ಈ ಮೂಲೆಗೆ ಬೆರಳು ತೋರಿಸಿದ್ದ. ಜಯಶೀಲನಿಗೂ ಮೈ ಜುಮ್ಮೆಂದಿತು. ಅದರಲ್ಲಿ ಅರ್ಧ ಭಕ್ತಿ. ಉಳಿದರ್ಧ, ಮೂರನೆಯ ಮಾಳಿಗೆಯ ಗ್ಯಾಲರಿಯಲ್ಲಿ ಪೊರಕೆ ಹಿಡಿದು ನಿಂತ ಉಮಾವತಿ.

“ಉಮಕ್ಕಾ, ದೀಪ ನಿಮ್ಮಲ್ಲೇ ನಿಲ್ಲುವುದಂತೆ! ಊಟವೂ ನಿಮ್ಮಲ್ಲೇ!” ಲತೇಶ್ ಕೆಳಗಿನಿಂದ ಕೂಗಿದ.

ಪೊರಕೆ ಅಲುಗಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆ ಹೆದರಿಕೆಯಲ್ಲೇ ಜಯಶೀಲನ ತಲೆಯೊಳಗೆ ಮಿಂಚು ಹೊಳೆಯಿತು.

“ತಿರುಗಿಸಿ ಅಣ್ಣ! ಬೆಸ ಮೂಲೆ ಎರಡಾದರೆ ಯಾವುದರಿಂದಲೂ ಹೊರಡಬಹುದು. ಇಲ್ಲಿಂದ ಹೊರಟು ಮಂದಿರದಲ್ಲಿ ಮುಗಿಸುವಾ! ಊಟ ಎಂದಿನಂತೆ ಅಲ್ಲೇ!”

ಪ್ರಣೀತಾ ಯೋಚಿಸಿ, “ಕರೆಕ್ಟ್ ಹೈ,” ಎಂದಳು. ಜನ ಚಪ್ಪಾಳೆ ತಟ್ಟಿದರು. ದೇಜಪ್ಪಣ್ಣ ಅವನನ್ನು ಅಪ್ಪಿಕೊಂಡರು. ಹಿಂದಿನ ಸಾಲಿನಲ್ಲಿ ತಾಳ ಹಾಕುತ್ತಿದ್ದವನು ಮೊದಲ ಬಾರಿಗೆ ಮುಂದಿನ ಸಾಲಿಗೆ ಬಂದಿದ್ದ.

“ಲತೇಶಾ, ಮಂದಿರದ ದೊಡ್ಡ ದೀಪ ತೆಗೆದುಕೊಂಡು ಬಾ,” ಎಂದರು ದೇಜಪ್ಪಣ್ಣ. “ಇವರ ಮನೆಯೊಳಗೆ ಹಚ್ಚಿ, ಅದರಿಂದ ಕೈದೀಪ ಹಚ್ಚಿಕೊಂಡು ಹೊರಡುವಾ. ಮೂರನೆಯ ನಿಯಮ ಗೊತ್ತುಂಟಲ್ಲ ಜಯಶೀಲ?”

“ಮೂರನೆಯದಾ?”

“ಎಲ್ಲಿಂದ ಹೊರಡುತ್ತದೋ ಅಲ್ಲಿ ದೊಡ್ಡ ದೀಪ ಒಂದು ಮಂಡಲ ಉರಿಯಬೇಕು. ನಲವತ್ತೆಂಟು ದಿನ. ಸಂಜೆ ಭಜನೆ, ಅವಲಕ್ಕಿ, ಚಾ. ಬೆಳಗ್ಗೆ ಎಣ್ಣೆ ಹಾಕಲಿಕ್ಕೆ ನಾವೇ ಬರುತ್ತೇವೆ, ನೀನು ತೊಂದರೆ ತೆಗೆದುಕೊಳ್ಳಬೇಡ. ಐದಕ್ಕೆ ಸರಿಯಾಗಿ. ಶಂಖ, ಜಾಗಟೆ ಸಮೇತ.”

ಉಮಾವತಿ ಕೆಳಗಿಳಿದು ಬಂದಳು. ಎದುರಿಗೆ ಬಂದ ದೀಪವನ್ನು ಬೇಡವೆನ್ನುವ ಮನೆತನ ಅವಳದಲ್ಲ. ಸೆರಗು ಹೊದ್ದು ಕೈ ಮುಗಿದಳು, “ಬನ್ನಿ, ಬನ್ನಿ, ಲಾದಿ ನೋಡಿಕೊಂಡು ಕಾಲಿಡಿ,” ಎಂದು ಎಲ್ಲರನ್ನೂ ಕರೆದಳು. ಕಡೆಯಲ್ಲಿ ಮೆಟ್ಟಿಲು ಹತ್ತುತ್ತಿದ್ದ ಗಂಡನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

“ಉರಿಯುವ ದೀಪ ಬಿಟ್ಟು ಸೀವುಡ್ಸಿಗೂ ಹೋಗುವ ಹಾಗಿಲ್ಲ ನಾನು. ಆ ಆಯ್ಲರ್ ಪಾಪ, ಒಂದು ಊಟದಲ್ಲಿ ಮುಗಿಸಿದ್ದ. ಅವನನ್ನು ಮೀರಿಸಲಿಕ್ಕೆ ಹೋದದ್ದು ನೀವು.”