ಕವರ್ ತೆಗೆದ ಭಾನುವಾರ

ಕವರ್ ಎಂಬ ಒಂದು ಇಂಗ್ಲಿಷ್ ಪದ ಇಲ್ಲದಿದ್ದರೆ ಆ ಗುಮಾಸ್ತನ ದಿನ ಬೆಳಗಾಗುತ್ತಲೂ ಇರಲಿಲ್ಲ, ಮುಗಿಯುತ್ತಲೂ ಇರಲಿಲ್ಲ. ಕಚೇರಿಯ ರವಾನೆ ವಿಭಾಗದಲ್ಲಿ ಕೂತು ಕಾಗದಗಳನ್ನು ಕವರಿಗೆ ತುಂಬಿ ಗೋಂದು ಹಚ್ಚುವುದು ಅವನ ಉದ್ಯೋಗ. ಮೂರು ವರ್ಷದಿಂದ ತಾತ್ಕಾಲಿಕ. ಪಕ್ಕದ ಮೇಜಿನವನು ಮಧ್ಯಾಹ್ನವೇ ಮನೆಗೆ ಹೊರಟರೆ "ಸ್ವಲ್ಪ ಕವರ್ ಮಾಡ್ಕೊಳಪ್ಪಾ" ಎಂದು ಹೇಳಿ ಮಾಯವಾಗುತ್ತಿದ್ದ. ಸಂಜೆ ತರಕಾರಿ ತಂದ ಕವರನ್ನು ಹೆಂಡತಿ ತೊಳೆದು, ಒಣಗಿಸಿ, ಕವರುಗಳಿಗೆಂದೇ ಮೀಸಲಾದ ದೊಡ್ಡ ಕವರಿನೊಳಗೆ ಸೇರಿಸುತ್ತಿದ್ದಳು.

ಮನೆಯಲ್ಲಿ ಟೀವಿಗೆ ಕವರ್, ರಿಮೋಟಿಗೆ ಕವರ್, ಮಿಕ್ಸಿಗೆ ಕವರ್. (ಮದುವೆಯ ಆಲ್ಬಮ್ಮಿಗೆ ಎರಡು. ಹಾಗಾಗಿ ಮದುವೆಯಾದದ್ದಕ್ಕೆ ಅವನು ಬೇರೆ ಸಾಕ್ಷಿಗಳನ್ನೇ ನಂಬಬೇಕಿತ್ತು.) ಸೋಫಾಕ್ಕಂತೂ ಅಂಗಡಿಯವರ ಪ್ಲಾಸ್ಟಿಕ್ ಕವರ್, ಅದರ ಮೇಲೆ ಹೂವಿನ ಬಟ್ಟೆಯ ಕವರ್, ಹೂವು ಮಾಸದಿರಲೆಂದು ಮೇಲೊಂದು ಹಳೇ ಬೆಡ್‌ಶೀಟು. ಕೂತರೆ ಚರಚರ ಎನ್ನುವುದು ಬೀದಿಗೇ ಕೇಳುತ್ತಿತ್ತು.

ಹೀಗಿರುವಾಗ ಒಂದು ದಿನ ಮೇಲಧಿಕಾರಿಗಳು, "ಭಾನುವಾರ ನಮ್ಮ ಮನೆಯವರ ಜೊತೆ ನಿಮ್ಮ ಬೀದಿ ಕಡೆ ಬರ್ತೀನಿ, ಒಂದು ಟೀ ಕುಡಿದು ಹೋಗೋಣ" ಎಂದರು. ಖಾಯಂ ಮಾಡುವವರ ಪಟ್ಟಿ ಅವರ ಕೈಯಲ್ಲೇ ಇತ್ತು.

"ಕವರೆಲ್ಲ ತೆಗಿ. ಇದು ಮನೆಯೋ ಗೋಡೌನೋ ಅಂದುಕೋತಾರೆ" ಎಂದ ಗುಮಾಸ್ತ, ಮನೆಗೆ ಬಂದವನೇ ಹೆಂಡತಿಗೆ.

"ತೆಗೀರಿ, ತೆಗೀರಿ. ಕಲೆ ಆದ್ರೆ ನೀವೇ ನೆಕ್ಕಿ ತೆಗೀತೀರಾ?"

"ಈ ಮನೆ ಯಜಮಾನನಾಗಿ ಹೇಳ್ತಿದೀನಿ ಕಣೇ!"

"ಹೌದಾ? ನಿಮಗೆ ಯಾರು ಹೇಳಿದ್ರು?"

ಯಜಮಾನರು ಶನಿವಾರ ಸ್ವಹಸ್ತದಿಂದಲೇ ಅನಾವರಣ ಸಮಾರಂಭ ನೆರವೇರಿಸಿದರು. ಇಷ್ಟು ದಿನ ಕಂದು ಎಂದುಕೊಂಡಿದ್ದ ಸೋಫಾ ನವಿಲು ಬಣ್ಣದ್ದಾಗಿತ್ತು. ಅದು ಹೊಳೆದ ಹೊಳಪಿಗೆ ಗೋಡೆ ಹಳೆಯದಾಯಿತು, ಕಿಟಕಿ ಹಳೆಯದಾಯಿತು. ಕನ್ನಡಿ ನೋಡಿಕೊಂಡರೆ ಅವನೂ ಹಳಬನೇ.

ಭಾನುವಾರ ಅಧಿಕಾರಿಗಳು ಬಂದು ಸೋಫಾ ಕಂಡು ಹಿಂಜರಿದರು. "ಹೊಸದೇನಯ್ಯಾ?"

"ಐದು ವರ್ಷದ್ದು, ಸಾರ್."

"ಐದು ವರ್ಷವಾ!" ಅವರ ಪತ್ನಿ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಒಂದು ಕಲೆ ಇಲ್ಲ, ಒಂದು ನೂಲೂ ಎದ್ದಿಲ್ಲ!"

ಆಗ ಗುಮಾಸ್ತ ನಿಜ ಹೇಳಬಹುದಿತ್ತು. "ಬಳಸೋ ರೀತಿ ಅಂತ ಒಂದಿರುತ್ತೆ ಮೇಡಂ" ಎಂದ. ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು.

"ನಿನ್ನಂಥವನನ್ನೇ ಹುಡುಕ್ತಾ ಇದ್ದೆ" ಎಂದರು ಅಧಿಕಾರಿಗಳು.

ವಾರದೊಳಗೆ ಆದೇಶ ಬಂತು. ಅವನು ಖಾಯಂ. ಕೆಲಸ: ಕಚೇರಿಗೆ ಬಂದಿರುವ ನೂರ ನಲವತ್ತು ಹೊಸ ಕುರ್ಚಿಗಳ ಪ್ಲಾಸ್ಟಿಕ್ ಕವರನ್ನು ಯಾರೂ ತೆಗೆಯದಂತೆ ನೋಡಿಕೊಳ್ಳತಕ್ಕದ್ದು. ಮೊದಲ ದಿನವೇ ಪಕ್ಕದ ಮೇಜಿನವನು "ಚರಚರ ಅನ್ನುತ್ತಲ್ಲೋ, ಇದು ಕುರ್ಚಿಯೋ ಹಪ್ಪಳವೋ" ಎಂದು ರೇಗಿದಾಗ, ಗುಮಾಸ್ತನ ಬಾಯಿಂದ ತಾನಾಗಿಯೇ ಬಂತು: "ಕಲೆ ಆದ್ರೆ ನೀನೇ ನೆಕ್ಕಿ ತೆಗೀತೀಯಾ?"

ಸಂಜೆ ಮನೆಗೆ ಬಂದರೆ ಸೋಫಾ ಮತ್ತೆ ಬೆಡ್‌ಶೀಟಿನಡಿ ಅಂತರ್ಧಾನವಾಗಿತ್ತು. ಆದೇಶಪತ್ರವನ್ನೂ ಹೆಂಡತಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಸುತ್ತಲೂ ಟೇಪು ಹಚ್ಚಿದ್ದಳು. ಸಂಬಳದ ವಿವರ ಎರಡನೇ ಪುಟದಲ್ಲಿತ್ತು. ಅವನಿನ್ನೂ ಅದನ್ನು ಓದಿರಲಿಲ್ಲ.

"ಒಂದ್ಸಲ ತೆಗೆದು ನೋಡ್ಲಾ?"

"ಕೈ ತೊಳ್ಕೊಂಡ್ರಾ?"

"ತೊಳ್ಕೊಂಡೆ."

"ಹಾಗಾದ್ರೆ ಕವರ್ ಮೇಲಿಂದಾನೇ ಓದಿ."

ಅವನು ಕೂತು ಮೊದಲ ಪುಟವನ್ನೇ ಇನ್ನೊಮ್ಮೆ ಓದಿದ. ಸೋಫಾ ಚರಚರ ಎಂದಿತು.